ಮಂಜು, ಮೋಡ, ಬೆಟ್ಟದ ಟೈಮ್‌ಲ್ಯಾಪ್ಸ್: ಕ್ಯಾಮೆರಾ ಸಿದ್ಧ ಮಾಡಿಕೊಳ್ಳುವ ಕ್ರಮ, ಹಂತ ಹಂತವಾಗಿ

ಟೈಮ್‌ಲ್ಯಾಪ್ಸ್ ಅಂದರೆ ಕೆಲವು ಸೆಕೆಂಡಿಗೊಂದು ಫೋಟೋ ತೆಗೆದು, ಅವನ್ನೆಲ್ಲ ಜೋಡಿಸಿ ವೇಗವಾಗಿ ಓಡಿಸಿದ ವಿಡಿಯೋ. ಬೇಕಾಗಿದ್ದು ಇಪ್ಪತ್ತು ಸೆಕೆಂಡಿನದು. ಬೆಟ್ಟದ ಸಾಲಿನ ನಡುವೆ ಮಂಜು ಹಾಲು ಉಕ್ಕಿದ ಹಾಗೆ ಹರಿಯಬೇಕು. ಕೈಗೆ ಸಿಗುವುದು ಮಾತ್ರ ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಮಿಣುಕುವ ಮೂರು ಸೆಕೆಂಡ್. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಚಳಿಯಲ್ಲಿ ಬೆಟ್ಟ ಹತ್ತಿದವರಿಗೆ ಇದು ನಿಜಕ್ಕೂ ಬೇಸರದ ಸಂಗತಿ.

ಈಚೆಗೆ ಗೆಳೆಯರು, ಪರಿಚಯದವರು ತೋರಿಸಿದ ಟೈಮ್‌ಲ್ಯಾಪ್ಸ್‌ಗಳನ್ನು ಕೂತು ನೋಡಿದೆ. ಕ್ಯಾಮೆರಾಗಳು ಬೇರೆ ಬೇರೆ, ತಪ್ಪುಗಳು ಮಾತ್ರ ಅವೇ. ವಿಡಿಯೋ ಮಿಣುಕುತ್ತದೆ. ಫ್ರೇಮ್ ಮೆಲ್ಲಗೆ ಜರುಗುತ್ತದೆ. ಅರ್ಧದಲ್ಲಿ ಫೋಕಸ್ ತಪ್ಪುತ್ತದೆ. ಲೆನ್ಸ್ ಮೇಲೆ ಇಬ್ಬನಿ ಕೂರುತ್ತದೆ. ಫೋಟೋ ಸಾಲದೆ ವಿಡಿಯೋ ಚಿಕ್ಕದಾಗುತ್ತದೆ. ಎಲ್ಲದರ ಬೇರು ಒಂದೇ: ಶುರು ಬಟನ್ ಒತ್ತಿದ ಮೇಲೆ ಯೋಚನೆ ಮಾಡುವುದು. ಟೈಮ್‌ಲ್ಯಾಪ್ಸ್‌ನಲ್ಲಿ ತೀರ್ಮಾನಗಳೆಲ್ಲ ಮೊದಲ ಫೋಟೋಗೆ ಮುಂಚೆಯೇ ಮುಗಿದಿರಬೇಕು. ಆಮೇಲೆ ಕ್ಯಾಮೆರಾ ಮುಟ್ಟುವ ಹಾಗಿಲ್ಲ. ಅದಕ್ಕೇ ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

ಉದಾಹರಣೆಗೆ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಕಡೆಯ ಒಂದು ಚಳಿಗಾಲದ ಬೆಳಗನ್ನೇ ಇಟ್ಟುಕೊಳ್ಳೋಣ. ಕೆಳಗೆ ಕಣಿವೆ ತುಂಬ ಮಂಜು, ಎದುರಿಗೆ ಬೆಟ್ಟದ ಸಾಲು. ಮಡಿಕೇರಿಯ ರಾಜಾಸೀಟ್ ಆಗಲಿ, ನಂದಿಬೆಟ್ಟ ಆಗಲಿ, ನಿಮ್ಮ ಊರಿನ ಕೆರೆ ಏರಿಯೇ ಆಗಲಿ, ಕ್ರಮ ಇದೇ.

ಬ್ಯಾಗಿನಲ್ಲಿ ಏನೇನು ಇರಬೇಕು

ಮ್ಯಾನುಯಲ್ ಮೋಡ್ ಇರುವ ಯಾವ ಕ್ಯಾಮೆರಾ ಆದರೂ ಸಾಕು. ಅದರ ಜೊತೆಗೆ ಗಟ್ಟಿಯಾದ ಟ್ರೈಪಾಡ್, ಪೂರ್ತಿ ಚಾರ್ಜ್ ಆದ ಎರಡು ಬ್ಯಾಟರಿ, 64 ಜಿಬಿ ಕಾರ್ಡ್, ಒಂದು ಟಾರ್ಚ್, ಲೆನ್ಸ್ ಒರೆಸುವ ಬಟ್ಟೆ. ಇನ್ನೊಂದು ವಸ್ತುವನ್ನು ಎಲ್ಲರೂ ಮರೆಯುತ್ತಾರೆ: ಅಂಟು ಹೆಚ್ಚು ಉಳಿಯದಂಥ ಪೇಪರ್ ಟೇಪ್. ಹಾರ್ಡ್‌ವೇರ್ ಅಂಗಡಿಯಲ್ಲಿ ಮಾಸ್ಕಿಂಗ್ ಟೇಪ್ ಎಂದು ಕೇಳಿದರೆ ಕೊಡುತ್ತಾರೆ. ಅದರ ಕೆಲಸ ಮುಂದೆ ಗೊತ್ತಾಗುತ್ತದೆ.

ಇಷ್ಟಿಷ್ಟು ಸೆಕೆಂಡಿಗೆ ಒಂದು ಫೋಟೋ ತೆಗೆಯುವ ಸೌಲಭ್ಯ ಕ್ಯಾಮೆರಾದಲ್ಲೇ ಇದೆಯಾ ಮೊದಲು ನೋಡಿ. ನಿಕಾನ್‌ನ ಹೆಚ್ಚಿನ ಕ್ಯಾಮೆರಾಗಳಲ್ಲಿ ಇಂಟರ್ವಲ್ ಟೈಮರ್ ಎಂಬ ಹೆಸರಿನಲ್ಲಿ ಇರುತ್ತದೆ. ಕ್ಯಾನನ್, ಸೋನಿ, ಫ್ಯೂಜಿಯ ಹಲವು ಮಾಡೆಲ್‌ಗಳಲ್ಲೂ ಇದೆ. ಇಲ್ಲದಿದ್ದರೆ ಇಂಟರ್ವಲೋಮೀಟರ್ ಎಂಬ ತಂತಿಯ ರಿಮೋಟ್ ತೆಗೆದುಕೊಳ್ಳಿ. ನಿಮ್ಮ ಕ್ಯಾಮೆರಾದ ರಿಮೋಟ್ ಪಿನ್ ಯಾವುದು ಎಂದು ನೋಡಿಕೊಂಡೇ ಕೊಳ್ಳಿ. ಒಂದೇ ಕಂಪನಿಯ ಎರಡು ಕ್ಯಾಮೆರಾಗಳಿಗೆ ಪಿನ್ ಬೇರೆ ಬೇರೆ ಇರುವುದುಂಟು.

ಒಂದು ಎಚ್ಚರಿಕೆ. ಕೆಲವು ಕ್ಯಾಮೆರಾಗಳ ಮೆನುವಿನಲ್ಲಿ ಟೈಮ್‌ಲ್ಯಾಪ್ಸ್ ಮೂವಿ ಎಂಬ ಇನ್ನೊಂದು ಆಯ್ಕೆ ಇರುತ್ತದೆ. ಅದರಲ್ಲಿ ಕ್ಯಾಮೆರಾವೇ ವಿಡಿಯೋ ಮಾಡಿ ಕೊಡುತ್ತದೆ, ಸಾಮಾನ್ಯವಾಗಿ ಬಿಡಿ ಫೋಟೋಗಳು ಉಳಿಯುವುದಿಲ್ಲ. ಬೆಳಕು ಸ್ವಲ್ಪ ತಪ್ಪಿದರೂ ಆಮೇಲೆ ಸರಿ ಮಾಡಲು ದಾರಿ ಇಲ್ಲ. ಬಿಡಿ ಫೋಟೋ ಉಳಿಸುವ ಇಂಟರ್ವಲ್ ಆಯ್ಕೆಯನ್ನೇ ಬಳಸಿ.

ಹಂತ 1: ಮನೆಯಲ್ಲೇ ಲೆಕ್ಕ ಹಾಕಿ

ಬೆಟ್ಟದ ಮೇಲೆ, ಕತ್ತಲಲ್ಲಿ, ಮರಗಟ್ಟಿದ ಬೆರಳಲ್ಲಿ ಲೆಕ್ಕ ಆಗುವುದಿಲ್ಲ. ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ವಿಡಿಯೋ ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಫೋಟೋ, ಓಡುತ್ತದೆ ಎಂದಿಟ್ಟುಕೊಳ್ಳಿ. 10 ಸೆಕೆಂಡಿಗೆ 250 ಫೋಟೋ ಬೇಕು. ನಾಲ್ಕು ಸೆಕೆಂಡಿಗೆ ಒಂದು ಫೋಟೋ ತೆಗೆದರೆ 1000 ಸೆಕೆಂಡ್, ಅಂದರೆ 16 ನಿಮಿಷ 40 ಸೆಕೆಂಡ್. ಆದರೆ 250ಕ್ಕೇ ನಿಲ್ಲಿಸಬೇಡಿ, 500 ತೆಗೆಯಿರಿ. ಮೊದಲ ಹತ್ತು ನಿಮಿಷ ಮಂಜು ಅಲ್ಲಾಡದೆ ಕೂತು, ಆಮೇಲೆ ಹರಿಯಲು ಶುರು ಮಾಡುವುದು ಮಾಮೂಲು. ಜಾಸ್ತಿ ಇದ್ದರೆ ಕತ್ತರಿಸಬಹುದು, ಕಡಿಮೆ ಬಿದ್ದರೆ ಹುಟ್ಟಿಸಲು ಆಗುವುದಿಲ್ಲ.

ಎಷ್ಟು ಸೆಕೆಂಡಿಗೆ ಒಂದು ಫೋಟೋ ಎಂಬುದು ಏನು ಚಲಿಸುತ್ತಿದೆ ಎನ್ನುವುದರ ಮೇಲೆ ನಿಂತಿದೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಓಡುವ ಮೋಡಕ್ಕೆ 2 ಸೆಕೆಂಡ್. ಕಣಿವೆಯ ಮಂಜಿಗೆ 4 ಅಥವಾ 5. ದೂರದಲ್ಲಿ ನಿಧಾನ ತೇಲುವ ಬಿಳಿ ಮೋಡಕ್ಕೆ 6ರಿಂದ 8. ಬಂಡೆಯ ಮೇಲೆ ನೆರಳು ಸರಿಯುವುದನ್ನು ತೋರಿಸಲು 15ರಿಂದ 20. ಅನುಮಾನ ಬಂದರೆ ಚಿಕ್ಕ ಇಂಟರ್ವಲ್ ಆರಿಸಿ. ಎರಡು ಸೆಕೆಂಡಿನದು ನಿಧಾನ ಅನಿಸಿದರೆ ಒಂದು ಬಿಟ್ಟು ಒಂದು ಫೋಟೋ ತೆಗೆದುಹಾಕಿ, ನಾಲ್ಕು ಸೆಕೆಂಡಿನದಾಗುತ್ತದೆ. ನಾಲ್ಕನ್ನು ಎರಡು ಮಾಡಲು ಬರುವುದಿಲ್ಲ.

ಇನ್ನು ಕಾರ್ಡ್. ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲಿಗೆ ರಾ (RAW) ಎನ್ನುತ್ತಾರೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ ಸುಮಾರು 25ರಿಂದ 30 ಎಂಬಿ. 500 ಫೋಟೋಗೆ ಹೆಚ್ಚೆಂದರೆ 15 ಜಿಬಿ. 64 ಜಿಬಿ ಕಾರ್ಡ್ ಧಾರಾಳವಾಗಿ ಸಾಕು. ಆದರೆ ಹಳೆಯ ಮದುವೆ ಫೋಟೋಗಳು ಅದರಲ್ಲೇ ತುಂಬಿಕೊಂಡಿದ್ದರೆ ಸಾಲದು. ಅವನ್ನು ಕಾಪಿ ಮಾಡಿಟ್ಟು, ಕಾರ್ಡ್ ಫಾರ್ಮ್ಯಾಟ್ ಮಾಡಿಕೊಂಡು ಹೊರಡಿ.

ಹಂತ 2: ಮನೆಯಲ್ಲೇ ಮೆನು ಸರಿಪಡಿಸಿ

ಈ ಹಂತದ ಗುರಿ ಒಂದೇ. ಕ್ಯಾಮೆರಾ ತಾನಾಗಿಯೇ ಏನನ್ನೂ ನಿರ್ಧರಿಸಬಾರದು.

ಫೋಟೋ ಕ್ವಾಲಿಟಿಯನ್ನು ರಾ (RAW) ಎಂದು ಇಡಿ. ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯನ್ನು ಕ್ಯಾಮೆರಾವೇ ಬದಲಿಸುವ ಆಟೋ ಐಎಸ್‌ಓ ಆಫ್ ಮಾಡಿ. ಪ್ರತಿ ಫೋಟೋ ಆದಮೇಲೆ ಪರದೆಯಲ್ಲಿ ತೋರಿಸುವುದನ್ನು ನಿಲ್ಲಿಸಿ, ಅದು ಸುಮ್ನೆ ಬ್ಯಾಟರಿ ತಿನ್ನುತ್ತದೆ. ವೈಫೈ, ಬ್ಲೂಟೂತ್ ಆಫ್ ಮಾಡಿ. ಕೆಲವು ಕ್ಯಾಮೆರಾಗಳು ನಡುವೆ ನಿದ್ದೆಗೆ ಜಾರಿದರೆ ರಿಮೋಟ್ ಒತ್ತಿದರೂ ಏಳುವುದಿಲ್ಲ. ಹಾಗಾಗಿ ತಾನೇ ಆಫ್ ಆಗುವ ಸಮಯವನ್ನು ಉದ್ದ ಮಾಡಿ, ಇಲ್ಲವೇ ಪೂರ್ತಿ ತೆಗೆದುಬಿಡಿ.

ಎರಡು ಆಯ್ಕೆಗಳನ್ನು ಹುಡುಕಿ ಆಫ್ ಮಾಡಲೇಬೇಕು. ಮೊದಲನೆಯದು ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್. ಅದು ಆನ್ ಇದ್ದರೆ, ಶಟರ್ ಹೆಚ್ಚು ಹೊತ್ತು ತೆರೆದಿಟ್ಟ ಫೋಟೋ ಆದಮೇಲೆ ಕ್ಯಾಮೆರಾ ಅಷ್ಟೇ ಹೊತ್ತು ಇನ್ನೊಂದು ಕಪ್ಪು ಫೋಟೋ ತೆಗೆಯುತ್ತದೆ. 20 ಸೆಕೆಂಡಿನ ಫೋಟೋಗೆ 40 ಸೆಕೆಂಡ್ ಹಿಡಿಯುತ್ತದೆ, ಮುಂದಿನ ಫೋಟೋ ತಪ್ಪಿಹೋಗುತ್ತದೆ. ಎರಡನೆಯದು ಲೆನ್ಸ್ ಅಥವಾ ಬಾಡಿಯ ಇಮೇಜ್ ಸ್ಟೆಬಿಲೈಸೇಷನ್. ಟ್ರೈಪಾಡ್ ಮೇಲೆ ಅದಕ್ಕೆ ಕೆಲಸವಿಲ್ಲ. ಕೆಲವು ಲೆನ್ಸ್‌ಗಳಲ್ಲಿ ಅದು ಇಲ್ಲದ ಅಲುಗಾಟವನ್ನು ಹುಡುಕಿ ಫ್ರೇಮನ್ನೇ ಆಚೀಚೆ ಸರಿಸುತ್ತದೆ. ವಿಡಿಯೋದಲ್ಲಿ ಬೆಟ್ಟ ಉಸಿರಾಡಿದ ಹಾಗೆ ಕಂಡರೆ ಇದೇ ಕಾರಣ ಇರಬಹುದು.

ಡಯಲ್ ಮೇಲೆ ಸಿ1 ಅಥವಾ ಯು1 ಎಂಬ ಗುರುತು ಇದ್ದರೆ ಈ ಸೆಟ್ಟಿಂಗನ್ನೆಲ್ಲ ಅಲ್ಲಿ ಉಳಿಸಿಕೊಳ್ಳಿ. ಮುಂದಿನ ಸಲ ಡಯಲ್ ತಿರುಗಿಸಿದರೆ ಮುಕ್ಕಾಲು ಕೆಲಸ ಮುಗಿದಿರುತ್ತದೆ.

ಬ್ಯಾಟರಿ ಬಗ್ಗೆ ಒಂದು ಮಾತು. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ. ಎರಡನೆಯದನ್ನು ಜರ್ಕಿನ್ ಒಳಜೇಬಿನಲ್ಲಿಡಿ. ಪವರ್‌ಬ್ಯಾಂಕ್‌ನಿಂದ ಕ್ಯಾಮೆರಾ ಓಡಿಸುವ ಯೋಚನೆ ಇದ್ದರೆ ಮನೆಯಲ್ಲೇ ಒಂದು ಗಂಟೆ ಓಡಿಸಿ ನೋಡಿ. ಕೆಲವು ಕ್ಯಾಮೆರಾಗಳು ಯುಎಸ್‌ಬಿಯಿಂದ ಚಾರ್ಜ್ ಆಗುತ್ತವೆ, ಆದರೆ ಆನ್ ಇದ್ದಾಗ ತೆಗೆದುಕೊಳ್ಳುವುದಿಲ್ಲ. ಇನ್ನೂ ಒಂದು: ಟ್ರೈಪಾಡ್ ಪ್ಲೇಟ್ ಹಾಕಿದ ಮೇಲೆ ಬ್ಯಾಟರಿ ಬಾಗಿಲು ತೆರೆಯುತ್ತದಾ? ಇಲ್ಲದಿದ್ದರೆ ನಡುವೆ ಬ್ಯಾಟರಿ ಬದಲಿಸಲು ಕ್ಯಾಮೆರಾವನ್ನೇ ಬಿಚ್ಚಬೇಕು. ಬಿಚ್ಚಿದರೆ ಆ ಫ್ರೇಮ್ ಮತ್ತೆ ಅದೇ ಜಾಗಕ್ಕೆ ಬರುವುದಿಲ್ಲ.

ಹಂತ 3: ಜಾಗ ನೋಡಿ, ಟ್ರೈಪಾಡ್ ಊರಿ

ಆಗುವುದಾದರೆ ಹಿಂದಿನ ದಿನ ಹಗಲಲ್ಲೇ ಜಾಗ ನೋಡಿ ಬನ್ನಿ. ಗೇಟ್ ಎಷ್ಟು ಗಂಟೆಗೆ ತೆಗೆಯುತ್ತಾರೆ, ವಾಹನಕ್ಕೆ ಬುಕಿಂಗ್ ಬೇಕಾ ಎಂದು ಕೇಳಿಕೊಳ್ಳಿ. ಕಾಡಿನೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ. ಹಂಪಿಯಂಥ ಕಡೆ ಪುರಾತತ್ವ ಇಲಾಖೆಯ ಸ್ಮಾರಕಗಳ ಒಳಗೆ ಟ್ರೈಪಾಡ್ ಇಡುವುದಕ್ಕೂ ಅನುಮತಿ ಬೇಕು.

ಸೂರ್ಯ ಎಲ್ಲಿ ಹುಟ್ಟುತ್ತಾನೆ ಎಂಬುದನ್ನು ಕಳೆದ ಸಲ ನೋಡಿದ ನೆನಪಿನ ಮೇಲೆ ಬಿಡಬೇಡಿ. ಕರ್ನಾಟಕದಲ್ಲಿ ಜೂನ್ ಕೊನೆಯ ಸೂರ್ಯೋದಯಕ್ಕೂ ಡಿಸೆಂಬರ್ ಕೊನೆಯ ಸೂರ್ಯೋದಯಕ್ಕೂ ದಿಗಂತದ ಮೇಲೆ ಸುಮಾರು 48 ಡಿಗ್ರಿ ಅಂತರ ಇದೆ. ಬೇಸಿಗೆಯಲ್ಲಿ ನೋಡಿಟ್ಟ ಫ್ರೇಮಿಗೆ ಚಳಿಗಾಲದ ಸೂರ್ಯ ಬರದೇ ಹೋಗಬಹುದು. ಫೋಟೋಪಿಲ್ಸ್, ಸನ್ ಸರ್ವೇಯರ್‌ನಂಥ ಆ್ಯಪ್‌ಗಳಲ್ಲಿ ಆ ದಿನದ ದಿಕ್ಕು, ಸಮಯ ಎರಡೂ ಸಿಗುತ್ತವೆ. ಚಿಕ್ಕಮಗಳೂರಿನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಕಾಣುವುದು ಆರೂಮುಕ್ಕಾಲರ ಆಸುಪಾಸು. ಅದಕ್ಕೆ ಒಂದು ಗಂಟೆ ಮುಂಚೆ ಜಾಗದಲ್ಲಿರಿ.

ವ್ಯೂ ಪಾಯಿಂಟಿನ ಕಟ್ಟೆ, ಮರದ ಅಟ್ಟಣಿಗೆ, ಕಬ್ಬಿಣದ ರೇಲಿಂಗ್ ಹತ್ತಿರ ಟ್ರೈಪಾಡ್ ಇಡಬೇಡಿ. ಜನ ನಡೆದಾಡಿದರೆ ಅವು ಅದುರುತ್ತವೆ. ಏಳು ಗಂಟೆ ಹೊತ್ತಿಗೆ ಸೆಲ್ಫಿ ತೆಗೆಯುವವರು ಎದುರಿಗೆ ಬಂದು ನಿಲ್ಲುವುದೂ ಅಲ್ಲೇ. ಸ್ವಲ್ಪ ಪಕ್ಕಕ್ಕೆ, ಗಟ್ಟಿ ನೆಲ ಇರುವ ಕಡೆ ಹೋಗಿ. ಆದರೆ ಅಂಚಿಗೆ ಹೋಗಬೇಡಿ. ಇಬ್ಬನಿ ಬಿದ್ದ ಹುಲ್ಲು ಜಾರುತ್ತದೆ.

ಟ್ರೈಪಾಡ್ ಕಾಲುಗಳನ್ನು ಅಗಲಿಸಿ, ತಗ್ಗಿಸಿ ಇಡಿ. ತುದಿಯ ತೆಳು ಕಾಲನ್ನು ಎಳೆಯದಿದ್ದರೆ ಒಳ್ಳೆಯದು. ನಡುವಿನ ಕಂಬವನ್ನಂತೂ ಎತ್ತಲೇಬೇಡಿ. ನೆಲ ಹಸಿಯಾಗಿದ್ದರೆ ಪ್ರತಿ ಕಾಲಿನ ಕೆಳಗೂ ಚಪ್ಪಟೆ ಕಲ್ಲು ಕೊಡಿ. ಹಾಗೇ ಬಿಟ್ಟರೆ ಅರ್ಧ ಗಂಟೆಯಲ್ಲಿ ಒಂದು ಕಾಲು ಒಂದು ಕೂದಲೆಳೆ ಕುಸಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ವಿಡಿಯೋದಲ್ಲಿ ಇಡೀ ಬೆಟ್ಟ ವಾಲುತ್ತದೆ. ಗಾಳಿ ಇದ್ದರೆ ಬ್ಯಾಗನ್ನು ನಡುವಿನ ಕೊಕ್ಕೆಗೆ ತೂಗುಹಾಕಿ, ಆದರೆ ಬ್ಯಾಗಿನ ತಳ ನೆಲಕ್ಕೆ ತಾಗಿರಲಿ. ಗಾಳಿಯಲ್ಲಿ ತೂಗಾಡುವ ಬ್ಯಾಗ್ ಇಲ್ಲದ್ದಕ್ಕಿಂತ ಕೆಟ್ಟದ್ದು. ಕ್ಯಾಮೆರಾದ ಕುತ್ತಿಗೆ ಪಟ್ಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ಅದು ಗಾಳಿಗೆ ಪಟಪಟ ಬಡಿದು ಕ್ಯಾಮೆರಾ ಅಲುಗಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮಳೆಗಾಲದಲ್ಲಿ ಮಲೆನಾಡಿಗೆ ಹೋದರೆ ಇಂಬಳ ಕಾಲಿಗೆ ಹತ್ತುತ್ತದೆ. ಹತ್ತಿದ್ದು ಗೊತ್ತಾದ ಕೂಡಲೇ ಗಾಬರಿಯಿಂದ ಕಾಲು ಒದರುವವರು ಟ್ರೈಪಾಡಿಗೇ ಒದೆಯುತ್ತಾರೆ. ಟ್ರೈಪಾಡಿನಿಂದ ಮೂರು ಹೆಜ್ಜೆ ದೂರ ನಿಲ್ಲುವ ಅಭ್ಯಾಸ ಮಾಡಿಕೊಳ್ಳಿ.

ಹಂತ 4: ಫ್ರೇಮ್ ಕಟ್ಟಿ

ಫೋಟೋದ ಆಕಾರ ಬೇರೆ, ವಿಡಿಯೋದ ಆಕಾರ ಬೇರೆ. 24 ಮೆಗಾಪಿಕ್ಸೆಲ್ ಫೋಟೋ 6000 ಪಿಕ್ಸೆಲ್ ಅಗಲ, 4000 ಎತ್ತರ ಇದ್ದರೆ, ವಿಡಿಯೋದ 16:9 ಆಕಾರಕ್ಕೆ ಕತ್ತರಿಸಿದಾಗ ಎತ್ತರ 3375 ಮಾತ್ರ ಉಳಿಯುತ್ತದೆ. ಮೇಲೆ ಕೆಳಗೆ ಸೇರಿ ಹೆಚ್ಚುಕಡಿಮೆ ಆರನೇ ಒಂದು ಭಾಗ ಹೋಯಿತು. ಗುಡಿಯ ಗೋಪುರದ ತುದಿಯನ್ನೋ ಮರದ ನೆತ್ತಿಯನ್ನೋ ಫ್ರೇಮಿನ ಅಂಚಿಗೆ ಒತ್ತಿ ಇಡಬೇಡಿ.

ಚಲಿಸುವುದಕ್ಕೆ ಜಾಗ ಕೊಡಿ. ಮಂಜು ಎಡದಿಂದ ಬಲಕ್ಕೆ ಹರಿಯುತ್ತಿದೆಯಾ, ಮೋಡ ನಮ್ಮ ಕಡೆಗೆ ಬರುತ್ತಿದೆಯಾ ಎಂದು ಐದು ನಿಮಿಷ ಸುಮ್ನೆ ನಿಂತು ನೋಡಿ. ಅಲುಗಾಡದ ಒಂದು ವಸ್ತು ಫ್ರೇಮಿನಲ್ಲಿರಲಿ. ಬಂಡೆ, ಒಂಟಿ ಮರ, ಬೆಟ್ಟದ ಏಣು, ಯಾವುದಾದರೂ ಆಗುತ್ತದೆ. ಅದು ನಿಂತಿದ್ದರೇ ಅಲ್ವಾ ಉಳಿದದ್ದು ಓಡುವುದು ಕಾಣುವುದು? ಲೆನ್ಸಿಗೆ ತೀರ ಹತ್ತಿರ ಹುಲ್ಲುಕಡ್ಡಿ ಇದ್ದರೆ ಪಕ್ಕಕ್ಕೆ ಸರಿಸಿ. ವಿಡಿಯೋದಲ್ಲಿ ಅದು ಹುಚ್ಚು ಹಿಡಿದ ಹಾಗೆ ಕುಣಿಯುತ್ತದೆ.

ದಿಗಂತ ಸಮವಾಗಿದೆಯಾ ಎಂದು ಕ್ಯಾಮೆರಾದ ಲೆವೆಲ್ ನೋಡಿ. ಎಲ್ಲ ಸ್ಕ್ರೂಗಳನ್ನೂ ಬಿಗಿ ಮಾಡಿ. ಜೂಮ್ ಲೆನ್ಸ್ ಆದರೆ ಜೂಮ್ ರಿಂಗಿಗೆ ಈಗಲೇ ಒಂದು ತುಂಡು ಟೇಪ್ ಹಾಕಿ. ಕೆಳಮುಖವಾಗಿ ಬಾಗಿಸಿದ ಜೂಮ್ ಲೆನ್ಸ್ ತನ್ನ ಭಾರಕ್ಕೇ ಜಾರುವುದುಂಟು.

ಹಂತ 5: ಫೋಕಸ್ ಮಾಡಿ, ಲಾಕ್ ಮಾಡಿ

ಆಟೋಫೋಕಸ್ ಬಿಟ್ಟರೆ ಮಂಜಿನ ಮುಂದೆ ಕ್ಯಾಮೆರಾ ಸೋಲುತ್ತದೆ. ಬಿಳಿ ಗೋಡೆಯಂಥ ಮಂಜಿನಲ್ಲಿ ಹಿಡಿಯಲು ಗೆರೆ, ಅಂಚು ಏನೂ ಇರುವುದಿಲ್ಲ. ಪ್ರತಿ ಫೋಟೋಗೂ ಲೆನ್ಸ್ ಹಿಂದೆ ಮುಂದೆ ಓಡುತ್ತದೆ.

ಲೈವ್ ವ್ಯೂ ಆನ್ ಮಾಡಿ. ದೂರದ ಮೊಬೈಲ್ ಟವರ್, ಬೆಟ್ಟದ ಅಂಚಿನ ಮರ, ಕತ್ತಲಿದ್ದರೆ ಕೆಳಗಿನ ಊರಿನ ಒಂದು ದೀಪ, ಯಾವುದನ್ನಾದರೂ ಪರದೆಯಲ್ಲಿ ಆದಷ್ಟು ದೊಡ್ಡದು ಮಾಡಿ ನೋಡಿ. ರಿಂಗ್ ತಿರುಗಿಸಿ ಚೂಪಾಗಿ ಕಾಣುವಂತೆ ಮಾಡಿ. ದೀಪವಾದರೆ ಅತಿ ಚಿಕ್ಕ ಚುಕ್ಕೆಯಾಗಿ ಕಾಣುವ ಜಾಗವೇ ಸರಿ. ಆಮೇಲೆ ಫೋಕಸ್ ಸ್ವಿಚ್ ಮ್ಯಾನುಯಲ್‌ಗೆ ತನ್ನಿ. ಫೋಕಸ್ ರಿಂಗಿಗೆ ಟೇಪ್ ಹಾಕಿ. ಟೇಪ್ ಹಾಕಿದ ಮೇಲೆ ಮತ್ತೊಮ್ಮೆ ದೊಡ್ಡದು ಮಾಡಿ ನೋಡಿ. ಟೇಪ್ ಹಾಕುವಾಗಲೇ ರಿಂಗ್ ಸರಿದಿರುತ್ತದೆ.

ಲೆನ್ಸ್ ಮೇಲಿನ ಇನ್ಫಿನಿಟಿ ಗುರುತನ್ನು ನಂಬಿ ರಿಂಗನ್ನು ಕೊನೆಯವರೆಗೆ ತಿರುಗಿಸಿ ಬಿಡುವವರಿದ್ದಾರೆ. ಹೆಚ್ಚಿನ ಆಟೋಫೋಕಸ್ ಲೆನ್ಸ್‌ಗಳು ಆ ಗುರುತನ್ನು ದಾಟಿ ಇನ್ನೂ ಸ್ವಲ್ಪ ತಿರುಗುತ್ತವೆ. ಅಲ್ಲಿ ಬಿಟ್ಟರೆ ಬೆಟ್ಟದ ಸಾಲೆಲ್ಲ ಮಸುಕು.

ಹಂತ 6: ಬೆಳಕು ಹೊಂದಿಸಿ

ವಿಡಿಯೋ ಮಿಣುಕುವುದಕ್ಕೆ ಬೀಜ ಬೀಳುವುದು ಈ ಹಂತದಲ್ಲಿ. ಅವಸರ ಬೇಡ.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ: ಸೂರ್ಯೋದಯದ ಕ್ಷಣಕ್ಕೇ ಕೈ ಹಾಕಬೇಡಿ. ಸೂರ್ಯ ಹುಟ್ಟಿ ಇಪ್ಪತ್ತು, ಮೂವತ್ತು ನಿಮಿಷ ಆದಮೇಲೆ ಶುರು ಮಾಡಿ. ಬೆಳಕು ಆಗ ನಿಧಾನ ಏರುತ್ತದೆ. ಕಣಿವೆಯಲ್ಲಿ ಮಂಜು ಇನ್ನೂ ಇರುತ್ತದೆ. ಬಿಸಿಲು ತಾಗಿದ ಮೇಲೆಯೇ ಅದು ಚೆನ್ನಾಗಿ ಹರಿಯುವುದು ಕೂಡ.

ಮೋಡ್ ಡಯಲನ್ನು ಎಂ (M), ಅಂದರೆ ಮ್ಯಾನುಯಲ್ ಗುರುತಿಗೆ ತನ್ನಿ. ಐಎಸ್‌ಓ 100. ಅಪರ್ಚರ್, ಅಂದರೆ ಬೆಳಕು ಬರುವ ಲೆನ್ಸಿನ ರಂಧ್ರ, ಎಫ್ 8 ಅಥವಾ ಎಫ್ 5.6 (ಅಂಕಿ ದೊಡ್ಡದಾದಷ್ಟೂ ರಂಧ್ರ ಚಿಕ್ಕದು). ಇವೆರಡನ್ನು ಇಟ್ಟಲ್ಲೇ ಬಿಟ್ಟು, ಶಟರ್ (ಬೆಳಕನ್ನು ಒಳಬಿಡುವ ಸಮಯ) ಮಾತ್ರ ಬದಲಿಸುತ್ತ ಒಂದೊಂದು ಫೋಟೋ ತೆಗೆದು ಹಿಸ್ಟೋಗ್ರಾಮ್ ನೋಡಿ. ಅದು ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಷ್ಟಿದೆ ಎಂದು ತೋರಿಸುವ ಗ್ರಾಫ್. ಪರದೆಯ ಹೊಳಪನ್ನು ನಂಬಬೇಡಿ. ಕತ್ತಲಿಗೆ ಹೊಂದಿದ ಕಣ್ಣಿಗೆ ಕಪ್ಪು ಫೋಟೋ ಕೂಡ ಬೆಳ್ಳಗೆ ಕಾಣುತ್ತದೆ. ಬೆಳಗಿನ ಶೂಟಿಂಗ್ ಆದರೆ ಬೆಳಕು ಏರುತ್ತಲೇ ಇರುತ್ತದೆ. ಹಾಗಾಗಿ ಶುರುವಿನಲ್ಲಿ ಸರಿ ಅನಿಸಿದ್ದಕ್ಕಿಂತ ಒಂದು ಸ್ಟಾಪ್ ಕಡಿಮೆ, ಅಂದರೆ ಬೆಳಕು ಅರ್ಧದಷ್ಟು ಇಡಿ. ಹಿಸ್ಟೋಗ್ರಾಮಿನ ಬಲತುದಿ ಖಾಲಿ ಇರಲಿ. ಬಿಸಿಲು ಬಿದ್ದು ಮಂಜು ಬೆಳಗಿದಾಗ ಅದು ಅಲ್ಲಿಗೆ ಬಂದು ಕೂರುತ್ತದೆ. ಕಪ್ಪಾದ ಭಾಗವನ್ನು ರಾ ಫೈಲಿನಿಂದ ಎತ್ತಬಹುದು. ಬಿಳಿಯಾಗಿ ಸುಟ್ಟ ಮಂಜಿನಿಂದ ಏನೂ ಹೊರಡುವುದಿಲ್ಲ. ಸಂಜೆಯದು ಇದರ ತಿರುಗುಮುರುಗು: ಶುರುವಿನಲ್ಲೇ ಬೆಳಕು ಜಾಸ್ತಿ, ಅಲ್ಲಿಂದ ಇಳಿಯುತ್ತ ಹೋಗುತ್ತದೆ.

ಎಲ್ಲವನ್ನೂ ಮ್ಯಾನುಯಲ್‌ಗೆ ಇಟ್ಟರೂ ವಿಡಿಯೋ ಮಿಣುಕುತ್ತಿದೆಯಾ? ಆಗ ಅಪರ್ಚರ್ ಕಡೆ ನೋಡಿ. ರಂಧ್ರವನ್ನು ಹಿಗ್ಗಿಸಿ ಕುಗ್ಗಿಸುವ ಲೆನ್ಸಿನೊಳಗಿನ ತೆಳು ಎಲೆಗಳು ಪ್ರತಿ ಫೋಟೋಗೆ ಮುಚ್ಚಿ ಮತ್ತೆ ತೆರೆದುಕೊಳ್ಳುತ್ತವೆ. ಎಫ್ 11 ಎಂದು ಇಟ್ಟರೂ ಪ್ರತಿ ಸಲ ಅದೇ ಜಾಗಕ್ಕೆ ಕೂದಲೆಳೆಯಷ್ಟೂ ತಪ್ಪದೆ ಬರುವುದಿಲ್ಲ. ಒಂದು ಫೋಟೋದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಸೆಕೆಂಡಿಗೆ 25 ಫೋಟೋ ಓಡಿದಾಗ ಕಣ್ಣು ಚುಚ್ಚುತ್ತದೆ. ರಂಧ್ರ ಚಿಕ್ಕದಾದಷ್ಟೂ ಈ ಕಾಟ ಜಾಸ್ತಿ. ಆದ್ದರಿಂದ ಎಫ್ 16, ಎಫ್ 22 ಕಡೆ ಹೋಗಬೇಡಿ. ಲೆನ್ಸನ್ನು ಪೂರ್ತಿ ತೆರೆದ ಅಪರ್ಚರಿನಲ್ಲೇ ಬಳಸಿದರೆ ಎಲೆಗಳು ಅಲ್ಲಾಡುವುದೇ ಇಲ್ಲ. ಅಪರ್ಚರ್ ರಿಂಗ್ ಇರುವ ಹಳೆಯ ಮ್ಯಾನುಯಲ್ ಲೆನ್ಸ್‌ಗಳನ್ನು ಅಡಾಪ್ಟರ್ ಹಾಕಿ ಬಳಸಿದರೂ ಈ ತೊಂದರೆ ಇಲ್ಲ. ದೂರದ ಬೆಟ್ಟಕ್ಕೆ ಎಫ್ 4 ಸಾಕಾಗುತ್ತದೆ.

ಶಟರ್ ಕೂಡ ಸಾವಿರದಲ್ಲೊಂದು ಸೆಕೆಂಡಿನಷ್ಟು ವೇಗ ಬೇಡ. ಎರಡು ಕಾರಣ. ಅಷ್ಟು ವೇಗದಲ್ಲಿ ಮೆಕ್ಯಾನಿಕಲ್ ಶಟರಿನ ಚಿಕ್ಕ ಏರುಪೇರೂ ಬೆಳಕಿನಲ್ಲಿ ಕಾಣುತ್ತದೆ. ಜೊತೆಗೆ ಚಲನೆ ತುಂಡು ತುಂಡಾಗಿ ಕುಪ್ಪಳಿಸಿದ ಹಾಗಿರುತ್ತದೆ. ಮಂಜು ನಯವಾಗಿ ಹರಿಯಬೇಕಾದರೆ ಶಟರ್ ತೆರೆದಿರುವ ಸಮಯ ಇಂಟರ್ವಲಿನ ಅರ್ಧದಷ್ಟಾದರೆ ಚೆಂದ. ನಾಲ್ಕು ಸೆಕೆಂಡಿಗೊಂದು ಫೋಟೋ ಆದರೆ ಒಂದರಿಂದ ಎರಡು ಸೆಕೆಂಡ್.

ಹಗಲಿನಲ್ಲಿ ಅಷ್ಟು ಹೊತ್ತು ಶಟರ್ ತೆರೆದರೆ ಫೋಟೋ ಬೆಳ್ಳಗಾಗುತ್ತದೆ. ಅದಕ್ಕೆ ಎನ್‌ಡಿ ಫಿಲ್ಟರ್ ಬೇಕು. ಅದು ಲೆನ್ಸಿಗೆ ಹಾಕುವ ಕಪ್ಪು ಕನ್ನಡಕ. 6 ಸ್ಟಾಪಿನದು ಬೆಳಕನ್ನು 64ರಲ್ಲಿ ಒಂದು ಪಾಲು ಮಾಡುತ್ತದೆ, ಅಂದರೆ 1/60 ಸೆಕೆಂಡ್ ಇದ್ದದ್ದು ಒಂದು ಸೆಕೆಂಡ್ ಆಗುತ್ತದೆ. 10 ಸ್ಟಾಪಿನದು ಹಾಕಿದರೆ ಅದೇ 17 ಸೆಕೆಂಡಿಗೆ ಹೋಗುತ್ತದೆ. ಮಂಜಿಗೆ, ಮೋಡಕ್ಕೆ 6 ಸ್ಟಾಪಿನದೇ ಸರಿ. ಫಿಲ್ಟರ್ ತಿರುಪುವಾಗ ಫೋಕಸ್ ರಿಂಗ್ ಜೊತೆಗೆ ತಿರುಗದಂತೆ ಇನ್ನೊಂದು ಕೈಯಲ್ಲಿ ಲೆನ್ಸ್ ಹಿಡಿದುಕೊಳ್ಳಿ. ಫಿಲ್ಟರ್ ಇಲ್ಲವೆಂದು ಹೋಗುವುದನ್ನು ನಿಲ್ಲಿಸಬೇಡಿ. ಮಂಜಿನ ಚಲನೆ ಮೃದು, 1/60ರಲ್ಲೂ ಚೆನ್ನಾಗಿಯೇ ಬರುತ್ತದೆ. ನೀರು, ರಸ್ತೆ, ಓಡುವ ಮೋಡಕ್ಕೆ ಫಿಲ್ಟರಿನ ವ್ಯತ್ಯಾಸ ಎದ್ದು ಕಾಣುತ್ತದೆ.

ಹಂತ 7: ವೈಟ್ ಬ್ಯಾಲೆನ್ಸ್

ಇದು ಫೋಟೋದ ಬಣ್ಣದ ಛಾಯೆಯ ಹೊಂದಾಣಿಕೆ. ಆಟೋದಲ್ಲಿ ಬಿಡಬೇಡಿ, ಒಂದು ಫೋಟೋ ನೀಲಿ ಇನ್ನೊಂದು ಹಳದಿ ಆಗುತ್ತದೆ. ಡೇಲೈಟ್‌ಗೆ ಇಡಿ, ಅಥವಾ 5500 ಕೆಲ್ವಿನ್. ರಾ ಇರುವುದರಿಂದ ಆಮೇಲೆ ಬದಲಿಸಬಹುದು. ಶುರುವಿನಲ್ಲಿ ಒಂದೇ ಇದ್ದರೆ ಕೆಲಸ ಹಗುರ.

ಹಂತ 8: ಇಂಟರ್ವಲ್ ತುಂಬಿಸಿ

ಚೀಟಿಯಲ್ಲಿ ಬರೆದ ಅಂಕಿಗಳನ್ನು ಈಗ ಕ್ಯಾಮೆರಾಕ್ಕೆ ಕೊಡಿ: 4 ಸೆಕೆಂಡ್, 500 ಫೋಟೋ. ಶುರುವಿಗೆ ಐದು ಸೆಕೆಂಡ್ ತಡ ಇಡುವ ಅವಕಾಶ ಇದ್ದರೆ ಬಳಸಿ. ಬಟನ್ ಒತ್ತಿದ ಅದುರು ಅಷ್ಟರಲ್ಲಿ ನಿಲ್ಲುತ್ತದೆ.

ಇಂಟರ್ವಲ್ ಯಾವಾಗಲೂ ಶಟರ್ ಸಮಯಕ್ಕಿಂತ ದೊಡ್ಡದಿರಬೇಕು. ಕಾರ್ಡಿಗೆ ಬರೆಯಲೂ ಸಮಯ ಬೇಕು. ಕನಿಷ್ಠ ಒಂದೆರಡು ಸೆಕೆಂಡ್ ಬಿಡುವು ಕೊಡಿ. ಕ್ಯಾಮೆರಾದಲ್ಲಿ 30 ಸೆಕೆಂಡ್ ಎಂದು ತೋರಿಸುವ ಶಟರ್ ನಿಜಕ್ಕೂ 32 ಸೆಕೆಂಡ್ ತೆರೆದಿರುವುದು ಸಾಮಾನ್ಯ. ಇಂಟರ್ವಲ್ ಕೂಡ 30 ಇಟ್ಟವರಿಗೆ ಅರ್ಧದಷ್ಟೇ ಫೋಟೋ ಸಿಗುತ್ತದೆ.

ಇನ್ನೊಂದು ಗೊಂದಲ ರಿಮೋಟ್‌ಗಳದ್ದು. ಕೆಲವು ಒಂದು ಫೋಟೋ ಶುರುವಾದಾಗಿನಿಂದ ಮುಂದಿನದರ ಶುರುವಿಗೆ ಎಣಿಸುತ್ತವೆ, ಕೆಲವು ಶಟರ್ ಮುಚ್ಚಿದ ಮೇಲೆ ಎಣಿಸುತ್ತವೆ. ನಿಮ್ಮದು ಯಾವ ಬಗೆ ಎಂದು ತಿಳಿಯಲು ಶಟರ್ 2 ಸೆಕೆಂಡ್, ಇಂಟರ್ವಲ್ 5 ಸೆಕೆಂಡ್ ಇಟ್ಟು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ನೋಡಿ. ಎರಡು ಫೋಟೋ ಶುರುವಾಗುವ ನಡುವೆ 5 ಬಂದರೆ ಮೊದಲ ಬಗೆ, 7 ಬಂದರೆ ಎರಡನೆಯದು.

ಹಂತ 9: ಇಪ್ಪತ್ತು ಫೋಟೋಗಳ ಪರೀಕ್ಷೆ

ಇದನ್ನು ಯಾರೂ ಮಾಡುವುದಿಲ್ಲ. ಒಂದೂವರೆ ನಿಮಿಷದ ಕೆಲಸ. ಇಪ್ಪತ್ತು ಫೋಟೋ ತೆಗೆಸಿ, ಪ್ಲೇ ಬಟನ್ ಒತ್ತಿ, ಡಯಲ್ ವೇಗವಾಗಿ ತಿರುಗಿಸಿ. ಪರದೆಯಲ್ಲೇ ಚಿಕ್ಕ ವಿಡಿಯೋ ಓಡಿದ ಹಾಗೆ ಕಾಣುತ್ತದೆ. ಫ್ರೇಮ್ ಹಾರುತ್ತಿದೆಯಾ? ಬೆಳಕು ಮಿಣುಕುತ್ತಿದೆಯಾ? ಇಪ್ಪತ್ತೂ ಇವೆಯಾ, ಹದಿನೆಂಟೇ ಇವೆಯಾ? ಕೊನೆಯ ಫೋಟೋವನ್ನು ದೊಡ್ಡದು ಮಾಡಿ ಫೋಕಸ್ ನೋಡಿ. ಎಲ್ಲ ಸರಿ ಇದ್ದರೆ ಲೆನ್ಸ್ ಒಮ್ಮೆ ಒರೆಸಿ, ಶುರು ಒತ್ತಿ, ಹಿಂದೆ ಸರಿಯಿರಿ.

ಹಂತ 10: ಓಡುತ್ತಿರುವಾಗ ಏನನ್ನು ಗಮನಿಸಬೇಕು

ಕಿವಿ ತೆರೆದಿರಲಿ. ಮೆಕ್ಯಾನಿಕಲ್ ಶಟರಿನ ಸದ್ದಿಗೆ ಒಂದು ಲಯ ಇರುತ್ತದೆ. ಲಯ ತಪ್ಪಿದರೆ ಕಾರ್ಡ್ ನಿಧಾನವಾಗಿದೆ, ಇಲ್ಲವೇ ಬ್ಯಾಟರಿ ಮುಗಿಯುತ್ತಿದೆ ಎಂದು ತಿಳಿಯಿರಿ. ಕಾರ್ಡಿನ ಕೆಂಪು ದೀಪ ಆರದೆ ಉರಿಯುತ್ತಲೇ ಇದ್ದರೂ ಇಂಟರ್ವಲ್ ತೀರ ಚಿಕ್ಕದಾಯಿತು ಎಂದು ಅರ್ಥ.

ನಮ್ಮ ಘಟ್ಟದಲ್ಲಿ ದೊಡ್ಡ ಶತ್ರು ಇಬ್ಬನಿ. ಒಂದು ಸಲ ನಾನು 700 ಫೋಟೋ ತೆಗೆದು ಮನೆಗೆ ಬಂದು ನೋಡಿದೆ. 150ರ ನಂತರ ಎಲ್ಲವೂ ಬೆಳ್ಳಗೆ ಮಸುಕು. ಮಂಜು ದಟ್ಟವಾಗಿದೆ ಎಂದುಕೊಂಡಿದ್ದೆ, ಲೆನ್ಸಿನ ಗಾಜಿನ ಮೇಲೆ ಇಬ್ಬನಿ ಕೂತಿತ್ತು. ಆ ಬೆಳಗು ಮತ್ತೆ ಸಿಗಲಿಲ್ಲ. ಈಗ ಹತ್ತು ನಿಮಿಷಕ್ಕೊಮ್ಮೆ ಪಕ್ಕದಿಂದ ಬಗ್ಗಿ ಗಾಜು ನೋಡುತ್ತೇನೆ. ಟಾರ್ಚ್ ಬೇಕಾದರೆ ಎರಡು ಫೋಟೋಗಳ ನಡುವಿನ ಬಿಡುವಿನಲ್ಲಿ ಹಾಕಿ. ಗಾಜು ಮಂಜಾಗದಿರಲು ಲೆನ್ಸ್ ಹುಡ್ ಹಾಕಿ. ಲೆನ್ಸಿನ ಸುತ್ತ ಸುತ್ತುವ ಯುಎಸ್‌ಬಿ ಹೀಟರ್ ಪಟ್ಟಿ ಸಿಗುತ್ತದೆ, ಪವರ್‌ಬ್ಯಾಂಕಿನಿಂದ ಓಡುತ್ತದೆ. ಅದಿಲ್ಲದಿದ್ದರೆ ಕೈ ಬೆಚ್ಚಗಿಡುವ ಪೊಟ್ಟಣವನ್ನು ರಬ್ಬರ್ ಬ್ಯಾಂಡಿನಲ್ಲಿ ಲೆನ್ಸಿಗೆ ಕಟ್ಟಿ. ಇಬ್ಬನಿ ಬೀಳುವ ಮುಂಚೆಯೇ ಕಟ್ಟಬೇಕು. ಎಸಿ ಹಾಕಿದ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ತೆಗೆದರೆ ತಣ್ಣನೆ ಗಾಜಿನ ಮೇಲೆ ಹೊರಗಿನ ತೇವ ಕೂರುತ್ತದೆ. ಕರಾವಳಿಯಲ್ಲಿ ಇದು ಇನ್ನೂ ಜಾಸ್ತಿ. ಇಪ್ಪತ್ತು ನಿಮಿಷ ಬ್ಯಾಗಿನೊಳಗೇ ಬಿಟ್ಟು ಹೊರಗಿನ ಹವೆಗೆ ಹೊಂದಿಕೊಳ್ಳಲು ಬಿಡಿ.

ನಡುವೆ ಬೆಳಕು ಎಣಿಸಿದ್ದಕ್ಕಿಂತ ಏರಿ ಮಂಜು ಸುಡುತ್ತಿದೆ ಅನಿಸಿದರೆ ಗಾಬರಿಯಲ್ಲಿ ಡಯಲ್ ತಿರುಗಿಸಬೇಡಿ. ಶೂಟಿಂಗ್ ನಿಲ್ಲಿಸಿ, ಸರಿ ಮಾಡಿ, ಹೊಸದಾಗಿ ಶುರು ಮಾಡಿ. ಎರಡು ಚಿಕ್ಕ ಒಳ್ಳೆಯ ತುಣುಕು ಕೈಯಲ್ಲಿರುತ್ತದೆ.

ಸೂರ್ಯೋದಯ, ಸೂರ್ಯಾಸ್ತಕ್ಕೆ ಬೇರೆ ದಾರಿ

ಮೇಲಿನದು ಎರಡು ಮೂರು ಸಲ ಕೈಗೆ ಹತ್ತಿದ ಮೇಲೆ ಇದಕ್ಕೆ ಬನ್ನಿ. ನಮ್ಮಲ್ಲಿ ಸೂರ್ಯ ಮುಳುಗಿದ ಮೇಲೆ ಸುಮಾರು ಒಂದೂಕಾಲು ಗಂಟೆಯಲ್ಲಿ ಪೂರ್ತಿ ಕತ್ತಲು. ಅಷ್ಟರಲ್ಲಿ ಬೆಳಕು ಸಾವಿರಾರು ಪಟ್ಟು ಇಳಿಯುತ್ತದೆ. ಒಂದೇ ಎಕ್ಸ್‌ಪೋಷರ್ ಇದನ್ನು ಹಿಡಿಯಲಾರದು.

ಇಲ್ಲಿ ಅಪರ್ಚರ್ ಪ್ರಯಾರಿಟಿ ಬಳಸಿ. ಅಪರ್ಚರ್ ಮತ್ತು ಐಎಸ್‌ಓ ನಿಮ್ಮ ಕೈಯಲ್ಲಿ, ಶಟರ್ ಮಾತ್ರ ಕ್ಯಾಮೆರಾ ಬದಲಿಸುತ್ತದೆ. ನಿಕಾನ್‌ನಲ್ಲಿ ಎಕ್ಸ್‌ಪೋಷರ್ ಸ್ಮೂದಿಂಗ್ ಎಂಬುದಿದ್ದರೆ ಆನ್ ಮಾಡಿ. ಸೋನಿಯಲ್ಲಿ ಎಇ ಟ್ರ್ಯಾಕಿಂಗ್ ಸೆನ್ಸಿಟಿವಿಟಿಯನ್ನು ಲೋ (Low) ಎಂದು ಇಡಿ. ಬೆಳಕಿನ ಏರಿಳಿತಕ್ಕೆ ಕ್ಯಾಮೆರಾ ಬೆಚ್ಚದೆ ನಿಧಾನ ಹೊಂದಿಕೊಳ್ಳುತ್ತದೆ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಆದರೆ ಕಣ್ಣಿಟ್ಟು ನೋಡುವ ಕಿಂಡಿಯನ್ನು ಟೇಪಿನಿಂದ ಮುಚ್ಚಿ. ಅಲ್ಲಿಂದ ನುಗ್ಗಿದ ಬೆಳಕು, ಕ್ಯಾಮೆರಾದ ಬೆಳಕು ಅಳೆಯುವ ಮೀಟರಿನ ಲೆಕ್ಕ ಕೆಡಿಸುತ್ತದೆ. ನೀವು ಹಿಂದೆ ಬಂದು ನಿಂತಾಗ ಒಂದು, ಹೋದಾಗ ಇನ್ನೊಂದು. ಕತ್ತಲಾದಂತೆ ಶಟರ್ ಉದ್ದವಾಗುತ್ತ ಇಂಟರ್ವಲನ್ನು ದಾಟಬಾರದು. ಕತ್ತಲವರೆಗೂ ಹೋಗುವುದಾದರೆ ಶುರುವಿನಲ್ಲೇ 10, 12 ಸೆಕೆಂಡಿನ ಇಂಟರ್ವಲ್ ಇಡಿ.

ಆಗುಂಬೆಯ ಸೂರ್ಯಾಸ್ತದಂಥದ್ದನ್ನು ಉದ್ದ ಲೆನ್ಸಿನಲ್ಲಿ ಹಿಡಿಯುವವರಿಗೆ ಒಂದು ಲೆಕ್ಕ: ಸೂರ್ಯ ತನ್ನ ಅಗಲದಷ್ಟು ದೂರ ಸರಿಯಲು ಎರಡು ನಿಮಿಷ ಸಾಕು. ಆ ಎರಡು ನಿಮಿಷಕ್ಕೆ 60 ಫೋಟೋ ಬೇಕಾದರೆ ಇಂಟರ್ವಲ್ 2 ಸೆಕೆಂಡ್. ಡಿಎಸ್‌ಎಲ್‌ಆರ್ ಕಿಂಡಿಯಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡಲೇಬೇಡಿ, ಕಣ್ಣು ಹೋಗುತ್ತದೆ. ಪರದೆಯಲ್ಲೇ ನೋಡಿ. ಸೂರ್ಯ ಇನ್ನೂ ಪ್ರಖರವಾಗಿದ್ದಾಗ ಉದ್ದ ಲೆನ್ಸನ್ನು ಅವನ ಕಡೆ ತಿರುಗಿಸಿ ಇಟ್ಟರೆ ಸೆನ್ಸರಿಗೂ ಅಪಾಯ. ಕೆಂಪಾಗಿ ತಣ್ಣಗಾಗುವವರೆಗೆ ಲೆನ್ಸ್ ಮುಚ್ಚಳ ಹಾಕಿರಿ.

ಹಂತ 11: ಫೋಟೋಗಳನ್ನು ವಿಡಿಯೋ ಮಾಡಿ

ಇಡೀ ಸರಣಿಯನ್ನು ಒಂದೇ ಫೋಲ್ಡರಿಗೆ ಹಾಕಿ. ಪರೀಕ್ಷೆಯ ಇಪ್ಪತ್ತು ಫೋಟೋ ಅದರಲ್ಲಿ ಸೇರದಿರಲಿ. ಕ್ಯಾಮೆರಾದ ಎಣಿಕೆ 9999 ದಾಟಿ ಮತ್ತೆ 0001ಕ್ಕೆ ಬಂದಿದ್ದರೆ ಹೆಸರಿನ ಪ್ರಕಾರ ಜೋಡಿಸಿದಾಗ ಕೊನೆಯದು ಮೊದಲಾಗುತ್ತದೆ. ತೆಗೆದ ಸಮಯದ ಪ್ರಕಾರ ಜೋಡಿಸಿ, ಹೊಸ ಹೆಸರು ಕೊಡಿ.

ಲೈಟ್‌ರೂಮ್‌ನಂಥ ಸಾಫ್ಟ್‌ವೇರಿನಲ್ಲಿ ಒಂದು ಫೋಟೋ ಸರಿ ಮಾಡಿ, ಅದೇ ಸೆಟ್ಟಿಂಗನ್ನು ಎಲ್ಲಕ್ಕೂ ಕಾಪಿ ಮಾಡಿ. ಶುರು, ನಡು, ಕೊನೆ ಮೂರೂ ಕಡೆ ಚೆನ್ನಾಗಿದೆಯಾ ನೋಡಿ. ಅಪರ್ಚರ್ ಪ್ರಯಾರಿಟಿಯಲ್ಲಿ ತೆಗೆದಿದ್ದರೆ ಬೆಳಕಿನ ಮೆಟ್ಟಿಲು ಕಾಣುತ್ತದೆ. ಅದನ್ನು ನಯ ಮಾಡಲು ಎಲ್‌ಆರ್‌ಟೈಮ್‌ಲ್ಯಾಪ್ಸ್ ಎಂಬ ಸಾಫ್ಟ್‌ವೇರ್ ಇದೆ. ಆಮೇಲೆ 16:9ಕ್ಕೆ ಕತ್ತರಿಸಿ ಜೆಪೆಗ್ ಮಾಡಿಕೊಳ್ಳಿ. 4ಕೆ ವಿಡಿಯೋಗೆ 3840 ಅಗಲ, 2160 ಎತ್ತರ ಸಾಕು.

ಡಾವಿಂಚಿ ರಿಸಾಲ್ವ್ ಉಚಿತವಾಗಿ ಸಿಗುತ್ತದೆ. ಪ್ರಾಜೆಕ್ಟ್ ತೆರೆದ ತಕ್ಷಣ, ಫೋಟೋ ತರುವ ಮುಂಚೆಯೇ, ಫ್ರೇಮ್ ರೇಟ್ 25 ಮಾಡಿ. ಒಮ್ಮೆ ಫೈಲ್ ತಂದ ಮೇಲೆ ಅದು ಬದಲಿಸಲು ಬಿಡುವುದಿಲ್ಲ. ಕ್ರಮಸಂಖ್ಯೆ ಸರಿ ಇದ್ದರೆ ಇಡೀ ಫೋಲ್ಡರ್ ಒಂದೇ ಕ್ಲಿಪ್ ಆಗಿ ಬರುತ್ತದೆ. ಎರಡು ಮೂರು ತುಂಡಾಗಿ ಬಂದರೆ ನಡುವೆ ಯಾವುದೋ ಸಂಖ್ಯೆ ತಪ್ಪಿದೆ. ಅಲ್ಲೇ ಹುಡುಕಿ.

ವಿಡಿಯೋ ಹೊರಬಂದು ಒಮ್ಮೆ ದೊಡ್ಡ ಪರದೆಯಲ್ಲಿ ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಕ್ಯಾಮೆರಾ, ಲೆನ್ಸ್ ತೇವವಾಗಿದ್ದರೆ ಒರೆಸಿ, ಫ್ಯಾನಿನ ಗಾಳಿಗೆ ಇಟ್ಟು, ಆಮೇಲೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಲೆನ್ಸಿನ ಟೇಪನ್ನು ಅದೇ ದಿನ ತೆಗೆಯಿರಿ. ವಾರ ಬಿಟ್ಟರೆ ಅಂಟು ಉಳಿಯುತ್ತದೆ.